ಉದ್ದಕ್ಕೆ ಓಡುವ ಹೆದ್ದಾರಿ, ಅಡ್ಡಕ್ಕೆ ದಾಟುವ ಊರು

ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ಹೆದ್ದಾರಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮನೆ ಇದೆ. ಮನೆ ರಸ್ತೆಯ ಈಚೆ, ಗದ್ದೆ ಆಚೆ. ಹಳೇ ರಸ್ತೆ ಇದ್ದಾಗ ಗಾಡಿ ಕಟ್ಟಿದರೆ ಹತ್ತು ನಿಮಿಷಕ್ಕೆ ಗದ್ದೆ ಬದುವಿನ ಹತ್ತಿರ ಇರುತ್ತಿದ್ದರು. ಈಗ ನಡುವೆ ಬೇಲಿ ಬಂದಿದೆ. ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸ್ ತನಕ ಹೋಗಬೇಕು, ಅದರಡಿ ನುಸುಳಬೇಕು, ಆಚೆ ಬದಿಯ ಸರ್ವಿಸ್ ರಸ್ತೆಯಲ್ಲಿ ಅಷ್ಟೇ ದೂರ ವಾಪಸ್ ಬರಬೇಕು.

ಹೋದ ಸುಗ್ಗಿಯಲ್ಲಿ ನಾನು ಅಲ್ಲಿದ್ದೆ. ಟ್ರ್ಯಾಕ್ಟರಿನ ಟ್ರೈಲರ್ ತುಂಬ ಭತ್ತದ ಹುಲ್ಲು ಹೇರಿದ್ದರು. ಅಂಡರ್‌ಪಾಸ್ ಬಾಯಿಗೆ ಬಂದಾಗ ಚಿಕ್ಕಪ್ಪ ಬ್ರೇಕ್ ಹಾಕಿದರು. ಮೇಲಿನ ಎರಡು ಸಾಲು ಹುಲ್ಲು ಸ್ಲ್ಯಾಬಿಗೆ ತಾಗುತ್ತಿತ್ತು. ಇಬ್ಬರು ಆಳುಗಳು ಮೇಲೆ ಹತ್ತಿ ಆ ಎರಡು ಸಾಲನ್ನು ಇಳಿಸಿದರು. ಟ್ರ್ಯಾಕ್ಟರ್ ದಾಟಿತು. ಇಳಿಸಿದ ಹುಲ್ಲನ್ನು ತಲೆ ಮೇಲೆ ಹೊತ್ತು ಆಚೆಗೆ ತಂದು ಮತ್ತೆ ಹೇರಿದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿಗೆ ನಮ್ಮ ತಲೆ ಮೇಲೆ ಹಾದುಹೋದ ಮೊದಲ ಕಾರು ರಾಮನಗರ ದಾಟಿರುತ್ತದೆ.

ಈ ರಸ್ತೆಯೇ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಚಿಕ್ಕಪ್ಪನೂ ಹಾಗೆ ಹೇಳುವುದಿಲ್ಲ. ಹಳೇ ರಸ್ತೆಯನ್ನು ದಾಟುವಾಗ ನಮ್ಮ ಊರಿನವರು ಸತ್ತಿದ್ದಾರೆ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಮೈಸೂರಿನ ದೊಡ್ಡಾಸ್ಪತ್ರೆ ಈಗ ನಿಜಕ್ಕೂ ಹತ್ತಿರವಾಗಿದೆ. ಆದರೆ ಒಂದು ರಸ್ತೆಗೆ ಉದ್ದ ಇರುವ ಹಾಗೆ ಅಡ್ಡವೂ ಇರುತ್ತದೆ. ಉದ್ದಕ್ಕೆ ಹೋಗುವವರು ಬೇರೆ, ಅಡ್ಡಕ್ಕೆ ದಾಟುವವರು ಬೇರೆ. ರಸ್ತೆ ಕಟ್ಟುವಾಗ ನಾವು ಲೆಕ್ಕ ಹಾಕಿದ್ದು ಬರೀ ಉದ್ದದ ಓಡಾಟವನ್ನು. ಮೈಸೂರು ಸುತ್ತ ಇನ್ನೂ ಎರಡು ದೊಡ್ಡ ರಸ್ತೆಗಳ ಮಾತು ನಡೆದಿರುವ ಈ ಹೊತ್ತಿನಲ್ಲಿ ಅಡ್ಡದ ಓಡಾಟವನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು ಎಂಬುದೇ ಈ ಲೇಖನದ ಕಾಳಜಿ.

ಮೊದಲು ನಮ್ಮ ಮುಂದಿರುವ ರಸ್ತೆಯನ್ನೇ ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 275ರ ಭಾಗ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಉದ್ದ ಸುಮಾರು 118 ಕಿ.ಮೀ., ಖರ್ಚು ಸುಮಾರು 8,480 ಕೋಟಿ ರೂಪಾಯಿ. ಪೇಪರಿನವರು ದಶಪಥ ಎಂದು ಹೆಸರಿಟ್ಟರು. ನಡುವೆ ಆರು ಲೇನ್ ವೇಗದ ರಸ್ತೆ, ಎರಡೂ ಬದಿ ಎರಡೆರಡು ಲೇನ್ ಸರ್ವಿಸ್ ರಸ್ತೆ, ಒಟ್ಟು ಹತ್ತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವೆಲ್ಲಕ್ಕೂ ಬೈಪಾಸ್ ಬಂತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು.

ಹತ್ತು ಲೇನ್ ಎಂದು ಹೇಳುವಾಗ ಸರ್ವಿಸ್ ರಸ್ತೆಯನ್ನೂ ಎಣಿಸುತ್ತೇವೆ. ಆದರೆ ಖರ್ಚು ಮಾಡುವಾಗ, ರಿಪೇರಿ ಮಾಡುವಾಗ, ನೀರು ನಿಂತಾಗ ಪಂಪ್ ತರಿಸುವಾಗ ಅದು ನೆನಪಾಗುವುದು ಕೊನೆಗೆ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಸಂಗಬಸವನದೊಡ್ಡಿ ಹತ್ತಿರ ಹೆದ್ದಾರಿಯೇ ಕೆರೆಯಾಯಿತು. ಉದ್ಘಾಟನೆಯಾದ ಒಂದೇ ವಾರಕ್ಕೆ, 2023ರ ಮಾರ್ಚಿನಲ್ಲಿ, ಅಲ್ಲೇ ಅಂಡರ್‌ಪಾಸಿನಲ್ಲಿ ಮತ್ತೆ ನೀರು ನಿಂತಿತು. ಅದು ಕಾರಿನವರಿಗೆ ತೊಂದರೆ ಕೊಟ್ಟ ಕಾರಣ ಟೀವಿಯಲ್ಲೆಲ್ಲ ಬಂತು, ಸರಿಪಡಿಸುವ ಕೆಲಸವೂ ಬೇಗ ಶುರುವಾಯಿತು. ನಮ್ಮ ಊರಿನ ಅಂಡರ್‌ಪಾಸಿನಲ್ಲಿ ನಿಲ್ಲುವ ಮೊಣಕಾಲುದ್ದದ ನೀರು ಯಾವ ಟೀವಿಗೂ ಬರುವುದಿಲ್ಲ. ಬೆಳಗ್ಗೆ ಆರಕ್ಕೆ ಡೇರಿಗೆ ಹಾಲು ಹಾಕಲು ಹೋಗುವ ಚಿಕ್ಕವ್ವ ಕ್ಯಾನ್ ತಲೆ ಮೇಲಿಟ್ಟುಕೊಂಡು, ಸೀರೆ ಎತ್ತಿಕಟ್ಟಿ, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾರೆ. ಹಾಲು ತಡವಾದರೆ ಡೇರಿಯವರು ಕಾಯುವುದಿಲ್ಲ, ವ್ಯಾನ್ ಹೊರಟುಹೋಗುತ್ತದೆ.

2023ರಲ್ಲಿ ಈ ರಸ್ತೆಯಲ್ಲಿ ಸಾವು ತುಂಬಾ ಜಾಸ್ತಿಯಾದವು. ಆಮೇಲೆ ಗಂಟೆಗೆ 100 ಕಿ.ಮೀ. ವೇಗಮಿತಿ ಬಿಗಿಯಾಯಿತು, ಕ್ಯಾಮೆರಾಗಳು ಬಂದವು, ಸಾವು ಇಳಿದವು. ಒಳ್ಳೆಯ ಕೆಲಸ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್, ಎತ್ತಿನಗಾಡಿ ಇವೆಲ್ಲ ಮುಖ್ಯ ರಸ್ತೆಗೆ ಬರುವಂತಿಲ್ಲ ಎಂದಾಯಿತು. ಇದಕ್ಕೂ ಕಾರಣ ಇದೆ. ನೂರರಲ್ಲಿ ಬರುವ ಕಾರಿನ ಮುಂದೆ ಮೂವತ್ತರಲ್ಲಿ ಹೋಗುವ ಟ್ರ್ಯಾಕ್ಟರ್ ಇರಬಾರದು. ಆದರೆ ಆ ಟ್ರ್ಯಾಕ್ಟರ್ ಎಲ್ಲಿಗೆ ಹೋಯಿತು? ಸರ್ವಿಸ್ ರಸ್ತೆಗೆ ಹೋಯಿತು. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಸರ್ವಿಸ್ ರಸ್ತೆಯನ್ನು ನೋಡಬೇಕು. ಕಾರ್ಖಾನೆಗೆ, ಆಲೆಮನೆಗೆ ಹೊರಟ ಕಬ್ಬಿನ ಗಾಡಿಗಳು ಒಂದರ ಹಿಂದೆ ಒಂದು. ಅವುಗಳ ಪಕ್ಕದಲ್ಲಿ ಬೈಕುಗಳು, ಎದುರಿನಿಂದ ಹಳ್ಳಿ ಬಸ್ಸು, ನಡುವೆ ಸ್ಕೂಲಿಗೆ ಹೋಗುವ ಮಕ್ಕಳ ಸೈಕಲ್. ಎರಡು ಲೇನಿನ ರಸ್ತೆಯಲ್ಲಿ ಎರಡು ದಿಕ್ಕಿನ ಓಡಾಟ. ಅಪಾಯವನ್ನು ಒಂದು ಕಡೆಯಿಂದ ತೆಗೆದು ಪಕ್ಕಕ್ಕೆ ಇಟ್ಟ ಹಾಗಾಯಿತು. ಮುಖ್ಯ ರಸ್ತೆಗೆ ಕ್ಯಾಮೆರಾ ಹಾಕಿದಷ್ಟೇ ಶ್ರದ್ಧೆಯಿಂದ ಸರ್ವಿಸ್ ರಸ್ತೆಗೆ ದೀಪ, ಹಂಪ್, ಅಂಚಿನ ಬಿಳಿ ಗೆರೆ ಹಾಕಬೇಕಿತ್ತು ಅಲ್ವಾ?

ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. ನಮಗೆ ನಾಲೆ ಗೊತ್ತು. ಕನ್ನಂಬಾಡಿಯಿಂದ ಹೊರಟ ವಿ.ಸಿ. ನಾಲೆಯೂ ಊರುಗಳ ನಡುವೆ ಉದ್ದಕ್ಕೆ ಹರಿಯುತ್ತದೆ. ಅದೂ ಹೊಲ ಗದ್ದೆಗಳನ್ನು ಸೀಳಿಕೊಂಡೇ ಹೋಯಿತು. ಆದರೆ ನಾಲೆಗೆ ತೂಬು ಇದೆ. ತೂಬಿನಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಗಾಡಿದಾರಿ ಇದ್ದ ಕಡೆ ನಾಲೆ ಮೇಲೆ ಸೇತುವೆ ಇದೆ. ನಾಲೆಯಲ್ಲಿ ಎಷ್ಟು ನೀರು ಹರಿಯಿತು ಎಂದು ನಮ್ಮ ರೈತ ಕೇಳುವುದಿಲ್ಲ, ನಮ್ಮ ತೂಬಿಗೆ ಎಷ್ಟು ಬಂತು ಎಂದು ಕೇಳುತ್ತಾನೆ. ಕೊನೇ ಭಾಗಕ್ಕೆ ನೀರು ಮುಟ್ಟದಿದ್ದರೆ ರಸ್ತೆ ತಡೆದು ಕೂರುತ್ತಾನೆ. ಹೆದ್ದಾರಿಗೂ ತೂಬು ಇರುತ್ತದೆ, ಅದೇ ಎಂಟ್ರಿ ಮತ್ತು ಎಕ್ಸಿಟ್. ಅದು ಎಲ್ಲಿದೆ, ಎಷ್ಟು ದೂರಕ್ಕೊಂದು ಇದೆ, ಯಾವ ಊರಿನ ಮುಂದೆ ಇದೆ ಎಂಬುದರ ಮೇಲೆ ಆ ರಸ್ತೆ ಯಾರಿಗೆ ಫಸಲು ಕೊಡುತ್ತದೆ ಎಂಬುದು ನಿಂತಿದೆ. ಮದ್ದೂರಿನ ಹಳೇ ರಸ್ತೆಯಲ್ಲಿ ವಡೆ ಮಾರುತ್ತಿದ್ದವರು, ಎಳನೀರು ಹಾಕಿಕೊಂಡು ಕೂರುತ್ತಿದ್ದವರು, ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಇಟ್ಟವರು ಬೈಪಾಸ್ ಆದ ತಿಂಗಳಲ್ಲೇ ಇದನ್ನು ಕಲಿತರು. ಗಿರಾಕಿ ತಲೆ ಮೇಲೆ ಹಾದುಹೋಗುತ್ತಾನೆ, ಕೆಳಗೆ ಇಳಿಯುವುದಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಬೈಪಾಸಿನಿಂದ ಪೇಟೆಗಳಿಗೆ ಒಳ್ಳೆಯದೂ ಆಗಿದೆ. ಮಂಡ್ಯದ ಹಳೇ ಹೆದ್ದಾರಿಯನ್ನು ವಯಸ್ಸಾದವರು ಈಗ ಸ್ವಲ್ಪ ಧೈರ್ಯವಾಗಿ ದಾಟುತ್ತಾರೆ. ಲಾರಿ, ನಾನ್‌ಸ್ಟಾಪ್ ಬಸ್ಸು ಊರೊಳಗೆ ಬರುವುದು ಕಡಿಮೆಯಾಗಿದೆ. ಅಂದರೆ ಪೇಟೆಯಲ್ಲಿ ಅಡ್ಡ ದಾಟುವುದು ಸುಲಭವಾಗಿದೆ, ಹಳ್ಳಿಯಲ್ಲಿ ಕಷ್ಟವಾಗಿದೆ.

ಇನ್ನು ನಾನು ಬಹಳ ದಿನದಿಂದ ಓದುತ್ತಿರುವ ಒಂದು ದೂರದೂರಿನ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್ ಎಂಬ ಬಂದರು ನಗರ ಇದೆ, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ. ಹಡಗಿನ ಸರಕು ಕಂಟೇನರ್ ಪೆಟ್ಟಿಗೆಗಳಿಗೆ ಬದಲಾದ ಅರವತ್ತರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಇಕ್ಕಟ್ಟಾದ ಹಳೇ ಕಟ್ಟೆಗಳಿಗೆ ಜಾಗ ಸಾಲಲಿಲ್ಲ. ಸಪಾಟಾದ ನೆಲ, ಪಕ್ಕದಲ್ಲೇ ರೈಲು ಯಾರ್ಡ್ ಇದ್ದ ಓಕ್‌ಲ್ಯಾಂಡಿಗೆ ವ್ಯಾಪಾರ ಹೋಯಿತು. ಆ ಬಂದರು, ಊರಿನ ನಡುಪೇಟೆ, ದಕ್ಷಿಣಕ್ಕೆ ಸ್ಯಾನ್ ಲಿಯಾಂಡ್ರೊ, ಹೇವರ್ಡ್, ಫ್ರೀಮಾಂಟ್ ಹೀಗೆ ಸಾಲಾಗಿ ಬೆಳೆದ ಹೊರವಲಯದ ಊರುಗಳು, ಕೊನೆಗೆ ಸ್ಯಾನ್ ಹೊಸೆ ನಗರ, ಇವೆಲ್ಲವನ್ನೂ ಪೋಣಿಸುವುದು ಇಂಟರ್‌ಸ್ಟೇಟ್ 880 ಎಂಬ ಫ್ರೀವೇ. ಅಡ್ಮಿರಲ್ ಚೆಸ್ಟರ್ ನಿಮಿಟ್ಸ್ ಅವರ ಹೆಸರಿನಲ್ಲಿ ನಿಮಿಟ್ಸ್ ಫ್ರೀವೇ ಎಂದೂ ಕರೆಯುತ್ತಾರೆ. ಉದ್ದ ಸುಮಾರು 75 ಕಿ.ಮೀ. ನಮ್ಮದಕ್ಕಿಂತ ಚಿಕ್ಕದು. ಆದರೆ ಊರೊಳಗೆ ನುಗ್ಗಿ ಹೋಗುವ ರಸ್ತೆ.

ಅದರ ಒಂದು ತುಂಡಿನ ಹೆಸರು ಸೈಪ್ರೆಸ್ ವಯಾಡಕ್ಟ್. 1957ರಲ್ಲಿ ತೆರೆದದ್ದು. ಒಂದರ ಮೇಲೊಂದು ಎರಡು ಅಂತಸ್ತಿನ ಎತ್ತರದ ರಸ್ತೆ. ಮೇಲಿನ ಅಂತಸ್ತಿನಲ್ಲಿ ಒಂದು ದಿಕ್ಕಿಗೆ, ಕೆಳಗಿನದರಲ್ಲಿ ಇನ್ನೊಂದು ದಿಕ್ಕಿಗೆ ಓಡಾಟ. ಅದು ಹಾದುಹೋದದ್ದು ವೆಸ್ಟ್ ಓಕ್‌ಲ್ಯಾಂಡ್ ಎಂಬ ಕೇರಿಯ ನಡುವೆ. ಅಲ್ಲಿ ಇದ್ದವರು ಹೆಚ್ಚಾಗಿ ಕಪ್ಪು ಜನ. ರೈಲು ಯಾರ್ಡಿನ ಕೆಲಸಗಾರರು, ಸ್ಲೀಪರ್ ಬೋಗಿಗಳಲ್ಲಿ ಪ್ರಯಾಣಿಕರ ಸೇವೆ ಮಾಡುತ್ತಿದ್ದವರು, ಹಡಗುಕಟ್ಟೆಯ ಕೂಲಿಗಳು. ಸೆವೆಂತ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಅಂಗಡಿ, ಹೋಟೆಲು, ಹಾಡಿನ ಕ್ಲಬ್ಬುಗಳು ತುಂಬಿದ್ದವು. ರಸ್ತೆಗಾಗಿ ಸಾಲು ಮನೆಗಳನ್ನು ಕೆಡವಿದರು. ಉಳಿದ ಕೇರಿ ಎರಡು ಹೋಳಾಯಿತು. ಎಪ್ಪತ್ತರ ದಶಕದಲ್ಲಿ ಅದೇ ಸೆವೆಂತ್ ಸ್ಟ್ರೀಟಿನ ಮೇಲೆ ಮೆಟ್ರೊ ರೈಲಿನ ಎತ್ತರದ ಹಳಿಯೂ ಬಂತು. ಒಂದೊಂದೇ ಅಂಗಡಿ ಮುಚ್ಚಿತು.

1989ರ ಅಕ್ಟೋಬರ್ 17, ಸಂಜೆ 5 ಗಂಟೆ 4 ನಿಮಿಷ. 6.9 ತೀವ್ರತೆಯ ಭೂಕಂಪ. ಸೈಪ್ರೆಸ್ ವಯಾಡಕ್ಟಿನ ಕಂಬಗಳು ಮುರಿದು, ಮೇಲಿನ ಅಂತಸ್ತು ಎರಡು ಕಿ.ಮೀ.ಗಳಷ್ಟು ಉದ್ದಕ್ಕೆ ಕೆಳಗಿನ ಅಂತಸ್ತಿನ ಮೇಲೆ ಕುಸಿಯಿತು. 42 ಜನ ಸತ್ತರು. ಆ ಸಂಜೆ ಓಕ್‌ಲ್ಯಾಂಡಿಗೂ ಸ್ಯಾನ್‌ಫ್ರಾನ್ಸಿಸ್ಕೊಗೂ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪಂದ್ಯ ಇತ್ತು, ಎಷ್ಟೋ ಜನ ಮೊದಲೇ ಮನೆ ಸೇರಿಕೊಂಡಿದ್ದರು. ಇಲ್ಲದಿದ್ದರೆ ಆ ಹೊತ್ತಿಗೆ ರಸ್ತೆ ತುಂಬಿರುತ್ತಿತ್ತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲೆ ನಡೆದದ್ದು. ಮೊದಲು ಏಣಿ, ಹಗ್ಗ, ಫೋರ್ಕ್‌ಲಿಫ್ಟ್ ತಂದು, ಮೇಲೆ ಹತ್ತಿ, ಕಾರುಗಳಲ್ಲಿ ಸಿಕ್ಕಿಕೊಂಡವರನ್ನು ಎಳೆದು ಉಳಿಸಿದವರು ಅದೇ ಕೇರಿಯ ಜನ ಮತ್ತು ಅಕ್ಕಪಕ್ಕದ ವರ್ಕ್‌ಶಾಪುಗಳ ಕೆಲಸಗಾರರು. ತಮ್ಮ ಊರನ್ನು ಸೀಳಿದ ರಸ್ತೆಯ ಮೇಲೆ ಹೋಗುತ್ತಿದ್ದವರನ್ನು ಅವರು ಉಳಿಸಿದರು. ಆಮೇಲೆ ಸರ್ಕಾರ ಅದೇ ಜಾಗದಲ್ಲಿ ಮತ್ತೆ ರಸ್ತೆ ಕಟ್ಟುವ ಯೋಚನೆ ಮಾಡಿದಾಗ ಅದೇ ಜನ ಎದ್ದು ನಿಂತು, ಇಲ್ಲಿ ಬೇಡ ಎಂದರು. ಹೋರಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ಹೊಸ ರಸ್ತೆ ಕೇರಿಯನ್ನು ಬಿಟ್ಟು, ರೈಲು ಯಾರ್ಡು ಮತ್ತು ಬಂದರಿನ ಅಂಚಿನಲ್ಲಿ ಸುತ್ತಿ ಬಂತು. 1997ರಲ್ಲಿ ತೆರೆಯಿತು. ಖರ್ಚು ನೂರು ಕೋಟಿ ಡಾಲರ್ ಮೀರಿತು. ಹಳೇ ವಯಾಡಕ್ಟ್ ನಿಂತಿದ್ದ ಜಾಗ ಈಗ ಮರಗಳ ಸಾಲು ಇರುವ ಅಗಲವಾದ ಬೀದಿ. ಹೆಸರು ಮಂಡೇಲಾ ಪಾರ್ಕ್‌ವೇ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಆ ಎಂಟು ವರ್ಷ ಆ ರಸ್ತೆಯ ತುಂಡು ಇರಲೇ ಇಲ್ಲ, ಆದರೂ ನಗರ ನಿಲ್ಲಲಿಲ್ಲ. ಓಡಾಟ ಬೇರೆ ದಾರಿ ಹಿಡಿಯಿತು, ಕಷ್ಟಪಟ್ಟರೂ ನಡೆಯಿತು. ಈ ಒಂದು ದಾರಿ ಬಿಟ್ಟರೆ ಬೇರೆ ಗತಿಯೇ ಇಲ್ಲ ಎಂಬ ಮಾತನ್ನು ಇನ್ನು ಮುಂದೆ ಸ್ವಲ್ಪ ತಡೆದು ನಂಬಬೇಕು. ಎರಡನೆಯದು, ಬಂದರಿನ ಅಂಚಿನ ದಾರಿ 1957ರಲ್ಲೂ ಅಲ್ಲೇ ಇತ್ತು. ಆಗ ಕೇರಿಯ ಜನರ ಮಾತಿಗೆ ಬೆಲೆ ಇರಲಿಲ್ಲ.

ಆದರೂ ಆ ಊರಿನ ಗೋಳು ತೀರಿಲ್ಲ. ಓಕ್‌ಲ್ಯಾಂಡಿನಲ್ಲಿ 880ಕ್ಕೆ ಸಮಾನಾಂತರವಾಗಿ, ಬೆಟ್ಟದ ಬದಿಯಲ್ಲಿ ಇಂಟರ್‌ಸ್ಟೇಟ್ 580 ಎಂಬ ಇನ್ನೊಂದು ಫ್ರೀವೇ ಇದೆ. ಅದರ ಅಕ್ಕಪಕ್ಕ ಅನುಕೂಲಸ್ಥರ ಬಡಾವಣೆಗಳು. ಅಲ್ಲಿ 4.5 ಟನ್ ಮೀರಿದ ಲಾರಿ ಹೋಗುವಂತಿಲ್ಲ. ಹತ್ತಾರು ವರ್ಷದಿಂದ ಇದೇ ನಿಯಮ. ಹಾಗಾಗಿ ಬಂದರಿನ ಭಾರೀ ಲಾರಿಗಳೆಲ್ಲ 880ಕ್ಕೇ ಬರಬೇಕು, ಹೊಗೆಯನ್ನೆಲ್ಲ ಅದರ ಬದಿಯ ಬಡ ಕೇರಿಗಳೇ ಕುಡಿಯಬೇಕು. ವೆಸ್ಟ್ ಓಕ್‌ಲ್ಯಾಂಡಿನ ಜನ ತಾವೇ ಬೀದಿಯಲ್ಲಿ ನಿಂತು ಲಾರಿ ಎಣಿಸಿದರು, ಗಾಳಿ ಅಳೆಸಿದರು. ಆ ಲೆಕ್ಕ ಹಿಡಿದು ಸರ್ಕಾರದ ಮುಂದೆ ಕೂತರು. ಹಳೇ ಡೀಸೆಲ್ ಲಾರಿಗಳನ್ನು ಬಂದರಿನಿಂದ ಹೊರಗಿಡುವ ನಿಯಮ ಬಂದದ್ದರ ಹಿಂದೆ ಇಂಥ ಜನರ ಶ್ರಮ ಇದೆ. ನಿಷೇಧ ಎಲ್ಲಿ ಹಾಕಿದರೂ ಅದರ ಭಾರ ಪಕ್ಕದ ರಸ್ತೆಗೆ ಜಾರುತ್ತದೆ. ಅಲ್ಲಿ ಲಾರಿ, ಇಲ್ಲಿ ಟ್ರ್ಯಾಕ್ಟರ್.

ಅದೇ ರಾಜ್ಯದ ಲಾಸ್ ಏಂಜಲೀಸ್ ಕಡೆಯದು ಇನ್ನೊಂದು ಸಣ್ಣ ಉದಾಹರಣೆ. ಲಾಂಗ್ ಬೀಚ್ ಬಂದರಿನ ಲಾರಿಗಳು ಹೋಗುವ 710 ಫ್ರೀವೇಯನ್ನು ಅಗಲ ಮಾಡುವ ಯೋಜನೆ ಬಹಳ ವರ್ಷ ಚರ್ಚೆಯಲ್ಲಿತ್ತು. ಮನೆಗಳು ಹೋಗುತ್ತವೆ, ಹೊಗೆ ಹೆಚ್ಚುತ್ತದೆ ಎಂಬ ವಿರೋಧದ ನಡುವೆ 2022ರಲ್ಲಿ ಅದನ್ನು ಕೈಬಿಟ್ಟರು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 2002ರಲ್ಲಿ, ಅಲ್ಲಿ ಬಂದರಿನಿಂದ ನಡುಪೇಟೆಯ ಹತ್ತಿರದ ಯಾರ್ಡ್ ತನಕ ಸರಕಿಗೆಂದೇ ಒಂದು ರೈಲು ದಾರಿ ಮಾಡಿದ್ದರು. ಅರ್ಧದಷ್ಟು ದಾರಿ ನೆಲಮಟ್ಟದಿಂದ ಕೆಳಗೆ, ಅಗೆದ ಕಂದಕದಲ್ಲಿ. ಮೇಲೆ ಬೀದಿಗಳು ಸೇತುವೆ ಮೂಲಕ ಹಾಗೇ ಅಡ್ಡ ಹಾಯುತ್ತವೆ. ಉದ್ದ ಮತ್ತು ಅಡ್ಡ ಎರಡನ್ನೂ ಲೆಕ್ಕ ಹಾಕಿದರೆ ಹೀಗೂ ಮಾಡಬಹುದು.

ಮೈಸೂರಿಗೆ ಬಂದರು ಎಲ್ಲಿದೆ ಎಂದು ಕೇಳಬಹುದು. ಕಡಲು ದೂರ, ನಿಜ. ಆದರೆ ಈ 275ರ ಇನ್ನೊಂದು ತುದಿ ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಬಂಟ್ವಾಳದ ಹತ್ತಿರ ಮಂಗಳೂರಿನ ಹೆದ್ದಾರಿಗೆ ಸೇರುತ್ತದೆ. ಅಲ್ಲಿಂದ ಪಣಂಬೂರಿನ ನವಮಂಗಳೂರು ಬಂದರು ಹತ್ತಿರ. ಕೊಡಗಿನ ಕಾಫಿ ಹಡಗು ಹತ್ತುವುದು ಅಲ್ಲಿಯೂ ಹೌದು. ಇನ್ನು ಮೈಸೂರಿನ ಮಗ್ಗುಲಲ್ಲೇ, ನಂಜನಗೂಡು ದಾರಿಯ ಕಡಕೊಳದಲ್ಲಿ, ಕಂಟೇನರ್‌ಗಳನ್ನು ರೈಲಿಗೆ ಹತ್ತಿಸುವ ಒಣ ಬಂದರು ಬಂದಿದೆ. ಅಂದರೆ ಕಂಟೇನರ್ ಲಾರಿ, ನಡುಪೇಟೆ, ಹೊರವಲಯದ ಬಡಾವಣೆ ಮೂರೂ ಮೈಸೂರಿನಲ್ಲಿ ಒಂದೇ ರಸ್ತೆಗೆ ಬಂದು ಕೂಡುತ್ತಿವೆ. ಆ ರಸ್ತೆಯೇ ರಿಂಗ್ ರೋಡ್.

ಸುಮಾರು 42 ಕಿ.ಮೀ. ಉದ್ದದ ಈ ರಿಂಗ್ ರೋಡ್ ಆಗುವಾಗ ಅದು ಊರ ಹೊರಗೆ ಇತ್ತು. ಹೊಲಗಳ ನಡುವಿನ ಖಾಲಿ ರಸ್ತೆ. ಈಗ ನೋಡಿ. ಬೋಗಾದಿ, ಹೂಟಗಳ್ಳಿ, ಹಿನಕಲ್, ಎಲ್ಲೆಡೆ ಊರು ರಿಂಗ್ ರೋಡನ್ನು ದಾಟಿ ಆಚೆಗೆ ಬೆಳೆದಿದೆ. ಆಚೆ ಸೈಟು ತೆಗೆದುಕೊಂಡವರ ಮಕ್ಕಳ ಸ್ಕೂಲು ಈಚೆ, ಆಸ್ಪತ್ರೆ ಈಚೆ, ಮಾರ್ಕೆಟ್ಟು ಈಚೆ. ಬೆಳಗ್ಗೆ ಎಂಟೂವರೆಗೆ ಬೋಗಾದಿ ಜಂಕ್ಷನ್ನಿನಲ್ಲಿ ನಿಂತರೆ ಅಡ್ಡ ದಾಟುವವರ ಸಾಲು ಉದ್ದಕ್ಕೆ ಹೋಗುವವರ ಸಾಲಿಗಿಂತ ಜಾಸ್ತಿ ಕಾಣುತ್ತದೆ. ಮೊನ್ನೆ ಅಲ್ಲಿ ಒಬ್ಬ ತಾಯಿ ಸ್ಕೂಟರಿನ ಮುಂದೆ ಒಂದು ಮಗು, ಹಿಂದೆ ಒಂದು ಮಗು ಕೂರಿಸಿಕೊಂಡು ಸಿಗ್ನಲ್ಲಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಹದಿನಾರು ಚಕ್ರದ ಲಾರಿ. ಮುಂದಿನ ಮಗು ಲಾರಿಯ ಗಾಲಿಯನ್ನು ಬೆರಳಿನಿಂದ ಎಣಿಸುತ್ತಿತ್ತು. ಸ್ಕೂಟರಿನ ಹ್ಯಾಂಡಲ್ಲಿಗೂ ಲಾರಿಗೂ ಒಂದು ಮೊಳ ಅಂತರ.

ಬೆಂಗಳೂರಿನಿಂದ ಬರುವ ಹೆದ್ದಾರಿ ಮೈಸೂರಿನಲ್ಲಿ ಮುಗಿಯುವುದು ಇದೇ ರಿಂಗ್ ರೋಡಿನ ಒಂದು ಜಂಕ್ಷನ್ನಿನಲ್ಲಿ. ಈಗಿನ ಮಣಿಪಾಲ್, ಹಿಂದಿನ ಕೊಲಂಬಿಯಾ ಏಷ್ಯಾ ಆಸ್ಪತ್ರೆಯ ಹತ್ತಿರ. ನಾಲೆಯ ಮಾತಿನಲ್ಲೇ ಹೇಳುವುದಾದರೆ, ದೊಡ್ಡ ನಾಲೆಯನ್ನು ತಂದು ಸಣ್ಣ ಕಾಲುವೆಯ ಬಾಯಿಗೆ ಬಿಟ್ಟ ಹಾಗೆ. ವಾರದ ಕೊನೆಗೆ, ದಸರಾ ರಜೆಗೆ ಅಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಬೆಂಗಳೂರಿನಿಂದ ಒಂದೂವರೆ ಗಂಟೆಯಲ್ಲಿ ಬಂದವರು ಆ ಸಿಗ್ನಲ್ಲಿನಿಂದ ಅರಮನೆ ತನಕ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಊರಿನವರು ನೋಡುತ್ತಲೇ ಇದ್ದಾರೆ.

ಆಗ ಬರುವ ಮೊದಲ ಉತ್ತರ ಫ್ಲೈಓವರ್. ಜಂಕ್ಷನ್ನಿನಲ್ಲಿ ಬೇಕಾಗಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾತು ಅಲ್ಲಿಗೇ ನಿಂತಿಲ್ಲ. ಮೈಸೂರಿನ ನಡುವಿನ ವಿನೋಬಾ ರಸ್ತೆ, ಜೆಎಲ್‌ಬಿ ರಸ್ತೆ ಮೇಲೂ ಫ್ಲೈಓವರ್ ಎಂಬ ಪ್ರಸ್ತಾಪ ಈಚೆಗೆ ಎದ್ದಿತ್ತು, ಪಾರಂಪರಿಕ ನಗರಕ್ಕೆ ಧಕ್ಕೆ ಎಂಬ ವಿರೋಧವೂ ಬಂತು. ಕಟ್ಟಡಗಳ ಅಂದ ಹೋಗುತ್ತದೆ ಎಂಬುದು ನಿಜವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಂಬಗಳ ಕೆಳಗಿನ ಬೀದಿ. ಸೈಪ್ರೆಸ್ ವಯಾಡಕ್ಟಿನ ಕೆಳಗೂ ಬೀದಿ ಇತ್ತು. ಬೀದಿ ಇದ್ದರೂ ಅಲ್ಲಿ ಬಾಳು ಉಳಿಯಲಿಲ್ಲ. ನೆರಳು, ಹೊಗೆ, ಸದ್ದು ಇರುವ ಕಡೆ ಯಾರೂ ನಿಂತು ಹೂವು ಕೊಳ್ಳುವುದಿಲ್ಲ, ಮಾತಾಡುವುದಿಲ್ಲ. ಮೈಸೂರಿನ ನಡುಪೇಟೆ ಇವತ್ತಿಗೂ ನಡೆದಾಡುವ ಪೇಟೆ. ದೇವರಾಜ ಮಾರುಕಟ್ಟೆಯಿಂದ ಸಯ್ಯಾಜಿರಾವ್ ರಸ್ತೆಯ ಆಚೆಗೆ ಕೈಚೀಲ ಹಿಡಿದು ದಾಟುವವರೇ ಅದರ ಜೀವ. ಹಾಯುವ ಕಾರುಗಳನ್ನು ಊರ ನಡುವೆ ತಂದು ಎತ್ತರಿಸುವ ಬದಲು, ಅವು ಊರೊಳಗೆ ಬರುವ ಅಗತ್ಯವೇ ಇಲ್ಲದ ಹಾಗೆ ಮಾಡಬೇಕು. ರಿಂಗ್ ರೋಡಿನ ಹತ್ತಿರ ಕಾರು ನಿಲ್ಲಿಸಿ, ಹತ್ತು ನಿಮಿಷಕ್ಕೊಂದು ಸಿಟಿ ಬಸ್ಸಿನಲ್ಲಿ ಅರಮನೆಗೆ ಬರುವ ವ್ಯವಸ್ಥೆ ದಸರಾ ಸಮಯದಲ್ಲಾದರೂ ಗಟ್ಟಿಯಾಗಿ ನಡೆದರೆ ಅರ್ಧ ಜಂಜಾಟ ಇಳಿಯುತ್ತದೆ.

ಇನ್ನೊಂದು ಉತ್ತರ, ರಿಂಗ್ ರೋಡಿನ ಆಚೆಗೆ ಇನ್ನೊಂದು ಉಂಗುರ. ಪೆರಿಫೆರಲ್ ರಿಂಗ್ ರೋಡ್ ಎಂಬ ಹೆಸರಿನಲ್ಲಿ ನೂರು ಕಿ.ಮೀ. ಆಸುಪಾಸಿನ ಪ್ರಸ್ತಾಪ ಇದೆ. ಕಡಕೊಳದ ಕಂಟೇನರ್ ಲಾರಿಗಳು ಊರ ಹೊರಗೇ ಹೋಗಬೇಕೆಂದರೆ ಇಂಥದ್ದೊಂದು ಬೇಕು. ಆದರೆ ಹಳೇ ರಿಂಗ್ ರೋಡಿಗೆ ಏನಾಯಿತೋ ಅದೇ ಇದಕ್ಕೂ ಆಗುತ್ತದೆ, ಇವತ್ತೇ ತಡೆಯದಿದ್ದರೆ. ರಸ್ತೆಯ ಗೆರೆ ನಕ್ಷೆಯಲ್ಲಿ ಬಿದ್ದ ದಿನವೇ ಅದರ ಆಚೆ ಲೇಔಟಿನ ಕಲ್ಲು ನೆಡುತ್ತಾರೆ. ಹತ್ತು ವರ್ಷಕ್ಕೆ ಅಲ್ಲಿ ಮನೆ, ಮನೆಯ ಮಕ್ಕಳು ಈಚೆ ಸ್ಕೂಲಿಗೆ. ಮತ್ತೆ ಅದೇ ಸ್ಕೂಟರು, ಅದೇ ಲಾರಿ, ಅದೇ ಒಂದು ಮೊಳ. ರಸ್ತೆಯ ಜೊತೆಗೇ ಅದರ ಎರಡೂ ಬದಿ ಎಲ್ಲಿ ಮನೆ ಆಗಬಹುದು, ಎಲ್ಲಿ ಆಗಬಾರದು ಎಂಬುದನ್ನು ಗಟ್ಟಿ ಮಾಡಬೇಕು.

ಮೂರನೆಯದು ಬರೀ ಪ್ರಸ್ತಾಪ ಅಲ್ಲ, ಕೈಗೆತ್ತಿಕೊಂಡಿರುವ ಕೆಲಸ. ಮೈಸೂರು–ಕುಶಾಲನಗರ ನಾಲ್ಕು ಲೇನ್ ಹೆದ್ದಾರಿ. 2023ರ ಮಾರ್ಚಿನ ಅದೇ ಕಾರ್ಯಕ್ರಮದಲ್ಲಿ ಇದಕ್ಕೂ ಶಂಕುಸ್ಥಾಪನೆ ಆಯಿತು. ಸುಮಾರು 92 ಕಿ.ಮೀ., ಸುಮಾರು 4,130 ಕೋಟಿ ರೂಪಾಯಿ. ಹೆಸರಿನಲ್ಲಿ ಮೈಸೂರು ಇದ್ದರೂ ಅದು ಹೊರಡುವುದು ಶ್ರೀರಂಗಪಟ್ಟಣದ ಕಡೆಯಿಂದ, ಮೈಸೂರು ನಗರವನ್ನು ಎಡಕ್ಕೆ ಬಿಟ್ಟು. ಬೆಂಗಳೂರಿನಿಂದ ಕೊಡಗಿಗೆ ಹೋಗುವವರು ಇನ್ನು ಮೈಸೂರು ರಿಂಗ್ ರೋಡಿಗೆ ಬರಬೇಕಿಲ್ಲ. ಮೈಸೂರಿಗೆ ಇದರಿಂದ ಲಾಭವೇ. ಆದರೆ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ಸೀಮೆಯ ಹೊಲಗಳಿಗೆ ನಮ್ಮ ಊರಿಗೆ ಬಂದದ್ದೇ ಬರುತ್ತದೆ. ಅಲ್ಲಿ ಕಬ್ಬಿನ ಬದಲು ಹೊಗೆಸೊಪ್ಪು, ಶುಂಠಿ, ಜೋಳ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹೊಡೆಯಬೇಕು, ಸೊಪ್ಪಿನ ಬೇಲ್ ಕಟ್ಟಿ ಹರಾಜು ಮಾರುಕಟ್ಟೆಗೆ ಸಾಗಿಸಬೇಕು. ಎಲ್ಲವೂ ಅಡ್ಡ ಓಡಾಟ.

ಕಾನೂನಿನ ಒಂದು ಸಂಗತಿ ಜನರಿಗೆ ಗೊತ್ತಿರಬೇಕು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಜಮೀನು ತೆಗೆದುಕೊಳ್ಳುವ ಮೊದಲು ಅದರಿಂದ ಊರಿನ ಬದುಕಿಗೆ ಏನಾಗುತ್ತದೆ ಎಂಬ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು, ಊರಿನವರ ಮುಂದೆ ಇಡಬೇಕು. ಆದರೆ ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ಹೆದ್ದಾರಿ ಕಾಯ್ದೆಯ ಅಡಿ. 2015ರಿಂದ ಪರಿಹಾರದ ಲೆಕ್ಕ ಮಾತ್ರ 2013ರ ಕಾಯ್ದೆಯಂತೆ ಸಿಗುತ್ತದೆ, ಆ ಅಧ್ಯಯನ ಕಡ್ಡಾಯವಿಲ್ಲ. ಇದರ ಫಲ ಏನೆಂದರೆ, ಗುಂಟೆಗೆ ಎಷ್ಟು ಎಂಬ ಮಾತು ಮಾತ್ರ ಊರಿಗೆ ಬರುತ್ತದೆ. ಜಮೀನು ಹೋದವನಿಗೆ ಚೆಕ್ ಬರುತ್ತದೆ. ಜಮೀನು ಹೋಗದೆ ಬರೀ ದಾರಿ ಹೋದವನಿಗೆ ಏನೂ ಬರುವುದಿಲ್ಲ. ನಮ್ಮ ಚಿಕ್ಕಪ್ಪನ ಒಂದು ಗುಂಟೆಯೂ ರಸ್ತೆಗೆ ಹೋಗಿಲ್ಲ. ಹಾಗಾಗಿ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಅವರಿಗೆ ಹೋಗಿರುವುದು ದಿನಕ್ಕೆ ಒಂದು ಗಂಟೆ.

ಟೋಲಿನ ಲೆಕ್ಕವೂ ಹಾಗೇ. ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು, ಆಗ ಮೂರು ಸಾವಿರ ರೂಪಾಯಿಗೆ 200 ಟ್ರಿಪ್ ಇತ್ತು. ಟೋಲ್ ಕಟ್ಟೆಯ 20 ಕಿ.ಮೀ. ಒಳಗಿನವರ ಕಾರಿಗೆ ತಿಂಗಳ ಪಾಸೂ ಇದೆ. ಗಣಂಗೂರು ಟೋಲಿನ ಅಕ್ಕಪಕ್ಕ ಕಾರು ಇರುವವರಿಗೆ ಅದರಿಂದ ಅನುಕೂಲ. ಬೈಕು, ಟ್ರ್ಯಾಕ್ಟರ್ ಇರುವವರಿಗೆ ಒಳಗೆ ಬರುವ ಹಾಗೇ ಇಲ್ಲ, ರಿಯಾಯಿತಿಯ ಮಾತೇ ಬರುವುದಿಲ್ಲ. ಟೋಲಿನಲ್ಲಿ ಬರುವ ಹಣದ ಒಂದು ಪಾಲನ್ನು ಸರ್ವಿಸ್ ರಸ್ತೆ, ಅಂಡರ್‌ಪಾಸಿನ ಚರಂಡಿ, ದೀಪ ಇವಕ್ಕೇ ಎಂದು ತೆಗೆದಿಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆ ಹತ್ತು ಲೇನಿನಲ್ಲಿ ನಾಲ್ಕು ಲೇನ್ ಅವರದೇ ಅಲ್ವಾ?

ಬಿಳಿಕೆರೆ ಕಡೆ ನಮ್ಮ ಚಿಕ್ಕಪ್ಪನ ಬೀಗರಿದ್ದಾರೆ. ಅವರ ಊರಿನ ಹತ್ತಿರ ಅಳತೆ ಕಲ್ಲು ಬಿದ್ದಿದೆ. ಅಧಿಕಾರಿಗಳು ಬಂದರೆ ಏನು ಕೇಳಬೇಕು ಎಂದು ಮೊನ್ನೆ ಫೋನ್ ಮಾಡಿದ್ದರು. ಗುಂಟೆಗೆ ಎಷ್ಟು ಕೊಡುತ್ತಾರೆ ಎಂಬ ಮಾತು ಬರುತ್ತದೆ ಎಂದು ನಾನು ಕಾದಿದ್ದೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತು, ಫೋನನ್ನು ಬಾಯಿ ಹತ್ತಿರ ಹಿಡಿದುಕೊಂಡು ನಿಧಾನವಾಗಿ ಹೇಳಿದರು.

"ಬೀಗ್ರೇ, ಮೊದ್ಲು ಅಂಡರ್‌ಪಾಸ್ ಎಲ್ ಬತ್ತದೆ ಕೇಳಿ. ನಿಮ್ ಗಾಡಿದಾರಿ ಎಲ್ಲದೋ ಅಲ್ಲೇ ಬೇಕು ಅನ್ನಿ. ಆಮೇಲೆ ಅವ್ರು ಎತ್ರ ಎಷ್ಟು ಬೇಕು ಅಂತಾರೆ. ಆಗ ಖಾಲಿ ಟ್ರ್ಯಾಕ್ಟರ್ ಎತ್ರ ಹೇಳ್ಬುಟ್ಟೀರಿ. ಹುಲ್ಲು ಹೇರಿರೋ ಟ್ರೈಲರ್ ನಿಲ್ಸಿ, ಒಂದು ಗಳ ನೆಟ್ಟು, ಅದ್ರ ಎತ್ರ ಅಳ್ದು ಹೇಳಿ."